ಕಲೆ ತೋರಿಸಿದ ಅಂಗಿಗೆ ಗಿರಾಕಿ

ಒಂದು ಹಳೆಯ ಪ್ಯಾಂಟಿನ ಕತೆ ಕೇಳಿ. ಅದು ಸಿಕ್ಕಿದ್ದು ಅಮೆರಿಕದ ನೆವಾಡಾ ರಾಜ್ಯದ ಗಣಿ ಊರೊಂದರಲ್ಲಿ. 1880ರ ದಶಕದಲ್ಲಿ ಲೆವಿ ಸ್ಟ್ರಾಸ್ ಕಂಪನಿ ಹೊಲಿದ ಕೂಲಿಕಾರರ ಉಡುಪು ಅದು. 2001ರ ಮೇ ತಿಂಗಳಲ್ಲಿ ಈಬೇ ಎಂಬ ಅಂತರ್ಜಾಲ ಹರಾಜು ಕಟ್ಟೆಗೆ ಬಂತು. ಕೂಗು ಏರುತ್ತ ಏರುತ್ತ 46,532 ಡಾಲರಿಗೆ ನಿಂತಿತು. ಕೊಂಡವರು ಯಾರೆಂದಿರಿ? ಅದೇ ಲೆವಿ ಸ್ಟ್ರಾಸ್ ಕಂಪನಿಯವರು! ತಾವೇ ಪುಡಿಗಾಸಿಗೆ ಮಾರಿದ್ದನ್ನು ನೂರು ವರ್ಷ ಬಿಟ್ಟು ಹಾಗೆ ವಾಪಸು ಪಡೆದರು.

ಹಳೆ ಬಟ್ಟೆ ಎಂದೊಡನೆ ನಮಗೆ ನೆನಪಾಗುವುದು ತಲೆಯ ಮೇಲೆ ಪಾತ್ರೆ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗುತ್ತ ಬರುವ ಹೆಂಗಸು. ಎರಡು ಸೀರೆ, ಒಂದು ಪ್ಯಾಂಟು ಕೊಟ್ಟರೆ ಒಂದು ಸ್ಟೀಲ್ ಡಬ್ಬಿ. ಆಕೆ ಸೀರೆಯನ್ನು ಬೆಳಕಿಗೆ ಹಿಡಿಯುತ್ತಾಳೆ, ಅಂಚು ಸವರುತ್ತಾಳೆ, ಹೊಲಿಗೆಯನ್ನು ಎಳೆದು ನೋಡುತ್ತಾಳೆ. ಅಮ್ಮ ಮಡಿಕೆಯಲ್ಲಿ ಮುಚ್ಚಿಟ್ಟ ಹರಕು ಆಕೆಯ ಬೆರಳಿಗೆ ಸಿಕ್ಕೇ ಸಿಗುತ್ತದೆ. ಈಗ ಆ ಬೆರಳುಗಳನ್ನು ತೆಗೆದುಬಿಡಿ. ಕೊಳ್ಳುವವರು ಸಾವಿರ ಮೈಲಿ ದೂರದಲ್ಲಿದ್ದಾರೆ, ಮುಟ್ಟುವಂತಿಲ್ಲ, ಮೂಸುವಂತಿಲ್ಲ. ಬೇರೆಯವರ ಮೈಮೇಲಿದ್ದ ಅಂಗಿಗೆ ಅವರು ಯಾವ ಧೈರ್ಯದಿಂದ ಹಣ ಕಟ್ಟುತ್ತಾರೆ?

ಈಬೇ ಶುರುವಾದದ್ದು 1995ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಪಿಯರ್ ಒಮಿಡ್ಯಾರ್ ಎಂಬ ತರುಣನಿಂದ. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರು, 14.83 ಡಾಲರಿಗೆ. ಕೆಟ್ಟಿದ್ದೆಂದು ಗೊತ್ತಿದ್ದೇ ಕೊಂಡಿರಾ ಎಂದು ಒಮಿಡ್ಯಾರ್ ವಿಚಾರಿಸಿದರಂತೆ. ತಾನು ಕೆಟ್ಟ ಪಾಯಿಂಟರುಗಳನ್ನೇ ಕೂಡಿಡುವವನು ಎಂದನಂತೆ ಆಸಾಮಿ!

ಇಲ್ಲಿ ಬೆಲೆ ನಿಲ್ಲುವ ಲೆಕ್ಕ ಗಣಿತ ಓದುವ ಹುಡುಗರಿಗೆ ಹಿಡಿಸೀತು. ಒಂದು ಹಳೆಯ ಕೋಟಿಗೆ ಹೆಚ್ಚೆಂದರೆ 40 ಡಾಲರು ಕೊಡಬಹುದು ಎಂದು ನಿಮ್ಮ ಅಂದಾಜು. ನೀವು 40 ಎಂದೇ ಬರೆಯುತ್ತೀರಿ. ಯಂತ್ರ ಆ ಅಂಕಿಯನ್ನು ಗುಟ್ಟಾಗಿಟ್ಟು ನಿಮ್ಮ ಪರವಾಗಿ ಬೇಕಾದಷ್ಟು ಮಾತ್ರ ಕೂಗುತ್ತದೆ. ಎದುರಾಳಿಯ ಮಿತಿ 25 ಆಗಿದ್ದರೆ ಕೋಟು ನಿಮಗೆ 26ಕ್ಕೇ ಸಿಗುತ್ತದೆ. ಬೆಲೆ ಕಟ್ಟುವವನು ಗೆದ್ದವನಲ್ಲ, ಎರಡನೆಯವನು. ಹಾಗಾಗಿ ಮನಸ್ಸಿನಲ್ಲಿದ್ದ ಬೆಲೆಯನ್ನು ಬಚ್ಚಿಟ್ಟು ಲಾಭವಿಲ್ಲ. ಕಡಿಮೆ ಬರೆದರೆ ಕೋಟು ತಪ್ಪೀತು, ಹೆಚ್ಚು ಬರೆದರೆ ಪಶ್ಚಾತ್ತಾಪ. ಇಂಥ ಹರಾಜಿನ ತರ್ಕವನ್ನು 1961ರಲ್ಲೇ ಬಿಡಿಸಿ ಬರೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಪಾಪ, ಮೂರೇ ದಿನಕ್ಕೆ ತೀರಿಕೊಂಡರು. ಆದರೆ ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು 1893ರಷ್ಟು ಹಿಂದೆಯೇ ಟಪಾಲಿನ ಹರಾಜಿನಲ್ಲಿ ಇದೇ ಪದ್ಧತಿಯನ್ನು ನಡೆಸಿದ್ದರು. ಪ್ರೊಫೆಸರುಗಳಿಗಿಂತ ಮೊದಲು ಅಂಗಡಿಯವರಿಗೆ ಹೊಳೆಯುವ ಸಂಗತಿಗಳೂ ಇರುತ್ತವೆ.

ಇನ್ನು ಬಟ್ಟೆಯ ಮಾತು. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೋಫಿಯಾ ಅಮೊರುಸೊ ಎಂಬ 22ರ ಹುಡುಗಿ ಚಿತ್ರಕಲಾ ಕಾಲೇಜೊಂದರ ಬಾಗಿಲಲ್ಲಿ ಗುರುತಿನ ಚೀಟಿ ನೋಡುವ ಕೆಲಸದಲ್ಲಿದ್ದಳು. ದಾನದ ಬಟ್ಟೆ ಮಾರುವ ಅಂಗಡಿಗಳಲ್ಲಿ ಹಳೆಯ ಉಡುಪು ಹೆಕ್ಕಿ ಈಬೇಯಲ್ಲಿ ಹರಾಜಿಗೆ ಇಡತೊಡಗಿದಳು. ಎಂಟು ಡಾಲರಿಗೆ ಸಿಕ್ಕಿದ ಶನೆಲ್ ಜಾಕೆಟ್ಟು ಸಾವಿರ ಡಾಲರಿಗೆ ಹೋಯಿತು. ಇದನ್ನು ಓದಿ ಬೀರು ತೆರೆಯಲು ಓಡಬೇಡಿ, ಸ್ವಲ್ಪ ತಾಳಿ. ದಿನಗಟ್ಟಲೆ ಕೆದಕಿ ಹೆಕ್ಕುವುದು, ಒಗೆದು ಇಸ್ತ್ರಿ ಮಾಡುವುದು, ಹುಡುಗಿಯರಿಗೆ ತೊಡಿಸಿ ಫೋಟೊ ತೆಗೆಯುವುದು, ಅಳತೆ ಬರೆಯುವುದು, ಪೊಟ್ಟಣ ಕಟ್ಟಿ ಅಂಚೆಗೆ ಹಾಕುವುದು, ಇಷ್ಟೂ ಆ ಹಣದ ಹಿಂದಿತ್ತು. ಮುಂದೆ ಆಕೆ ‘ನ್ಯಾಸ್ಟಿ ಗ್ಯಾಲ್’ ಎಂಬ ದೊಡ್ಡ ಕಂಪನಿ ಕಟ್ಟಿದಳು, ಹೊಸ ಬಟ್ಟೆಗೂ ಕೈಹಾಕಿದಳು. 2016ರ ನವೆಂಬರಿನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಹಳೆ ಬಟ್ಟೆಯ ಕಾಲವೇ ಚೆನ್ನಾಗಿತ್ತೆಂದು ನನಗನ್ನಿಸುತ್ತದೆ.

ಮಾರುವವರ ಮಾತಿಗೆ ಎಷ್ಟು ಬೆಲೆ ಎಂಬುದನ್ನೂ ಅಳೆದು ನೋಡಿದ್ದಾರೆ. ಈಬೇಯಲ್ಲಿ ಕೊಂಡವರು ಮಾರಿದವರ ಬಗ್ಗೆ ಅಭಿಪ್ರಾಯ ಬರೆಯುವ ವ್ಯವಸ್ಥೆ 1996ರಿಂದ ಇದೆ. ಪಾಲ್ ರೆಸ್ನಿಕ್ ಮತ್ತು ಜೊತೆಗಾರರು ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು ಜೋಡಿ ಮಾಡಿ, ಕೆಲವನ್ನು ಹೆಸರು ಗಳಿಸಿದ ವ್ಯಾಪಾರಿಯ ಖಾತೆಯಿಂದ, ಕೆಲವನ್ನು ಅದೇ ವ್ಯಾಪಾರಿಯ ಹೊಸ ಹೆಸರುಗಳಿಂದ ಮಾರಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಳ್ಳೆಯ ಹೆಸರಿಗೆ ಸಿಕ್ಕಿದ್ದು ಶೇಕಡಾ 8ರಷ್ಟು ಹೆಚ್ಚು ಬೆಲೆ. ಕಾರ್ಡಿನ ಮಾತೇ ಹೀಗಾದರೆ, ಮೈಗೆ ಹಾಕುವ ಅಂಗಿಯಲ್ಲಿ ಒಂದು ಸಲ ಕಲೆ ಮುಚ್ಚಿಟ್ಟವರ ಗತಿ ಊಹಿಸಿ. ಪೊಟ್ಟಣ ಬಿಚ್ಚಿದ ಕ್ಷಣ ಕಲೆ ಕಾಣುತ್ತದೆ. ಅಂಗಿ ವಾಪಸು ಬರುತ್ತದೆ. ಬೈಗುಳ ಮಾತ್ರ ಖಾತೆಯಲ್ಲಿ ಉಳಿಯುತ್ತದೆ. ಅದಕ್ಕೇ ಪಳಗಿದ ವ್ಯಾಪಾರಿಗಳು ಕಲೆಯ ಪಕ್ಕ ನಾಣ್ಯವಿಟ್ಟು ಹತ್ತಿರದಿಂದ ಫೋಟೊ ತೆಗೆದು ಹಾಕುತ್ತಾರೆ.

ಅಳತೆಯ ವಿಷಯವೂ ಹಾಗೇ. ಹಳೆಯ ಉಡುಪಿನ ಮೇಲಿನ ಸೈಜ್ ಚೀಟಿಯನ್ನು ನಂಬುವಂತಿಲ್ಲ. ಅಮೆರಿಕದಲ್ಲಿ 1960ರ ದಶಕದ 12 ಎಂದರೆ ಇಂದಿನ 12ಕ್ಕಿಂತ ಬಹಳ ಚಿಕ್ಕದು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಅಂಚಿಗೆ ಟೇಪು ಹಿಡಿಯಬೇಕು. ಚೀಟಿಯನ್ನು ಓದಲು ಬಂದರೆ ಲಾಭವೂ ಇದೆ. ಲೆವಿಸ್ ಪ್ಯಾಂಟಿನ ಕೆಂಪು ಚೀಟಿಯಲ್ಲಿ ಇಂಗ್ಲಿಷಿನ ‘ಇ’ ದೊಡ್ಡಕ್ಷರದಲ್ಲಿದ್ದರೆ ಅದು ಸಾಮಾನ್ಯವಾಗಿ 1971ಕ್ಕಿಂತ ಹಿಂದಿನದು, ಸಂಗ್ರಹಕಾರರು ಬೆನ್ನು ಹತ್ತುತ್ತಾರೆ. ಆಮೇಲೆ ಮತ್ತೆ ಅದೇ ದೊಡ್ಡಕ್ಷರ ಹಾಕಿ ಹೊಲಿದದ್ದೂ ಉಂಟು. ಇದೊಂದು ಪುಟ್ಟ ಪುರಾತತ್ತ್ವ ಶಾಸ್ತ್ರ.

ಹುಡುಗರು ಎಡವುವುದು ಬೇರೆ ಕಡೆ. ಆರು ದಿನ ಯಾರೂ ಕೂಗಲಿಲ್ಲವೆಂದು ಕಂಗಾಲಾಗಿ ತಮ್ಮನ ಹೆಸರಿನಲ್ಲೋ ಗೆಳೆಯನ ಹೆಸರಿನಲ್ಲೋ ತಾವೇ ಕೂಗಿಸುತ್ತಾರೆ. ಇದು ನಿಷಿದ್ಧ, ಖಾತೆಯೇ ಹೋದೀತು. ಅಷ್ಟಕ್ಕೂ ಅದರ ಅಗತ್ಯವಿಲ್ಲ. ಗೊತ್ತಾದ ಗಳಿಗೆಗೆ ಮುಗಿಯುವ ಹರಾಜಿನಲ್ಲಿ ಜನ ಕೊನೆಯ ಕ್ಷಣಕ್ಕೇ ಕಾಯುತ್ತಾರೆಂದು ಆಲ್ವಿನ್ ರಾತ್, ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ತೋರಿಸಿದ್ದಾರೆ. ತಂದೆತಾಯಿಯರಿಗೊಂದು ಮಾತು: ಹದಿನೆಂಟು ತುಂಬದವರು ಈಬೇಯಲ್ಲಿ ಖಾತೆ ತೆರೆಯುವಂತಿಲ್ಲ. ಮಗನ ವ್ಯಾಪಾರ ನಿಮ್ಮ ಖಾತೆಯಿಂದ ನಡೆದರೆ ಅದು ನಿಮ್ಮ ಹೆಸರಿನ ಜವಾಬ್ದಾರಿ.

ಭಾರತದಲ್ಲಿ 2000ದಲ್ಲಿ ಆರಂಭವಾದ ಬಾಜಿ ಡಾಟ್ ಕಾಮ್ ಅನ್ನು 2004ರಲ್ಲಿ ಈಬೇ ಕೊಂಡಿತ್ತು; ಆ ಈಬೇ ಇಂಡಿಯಾ 2018ರಲ್ಲಿ ಮುಚ್ಚಿತು. ಅಮೆರಿಕದ ಈಬೇಯಲ್ಲೂ ಈಗ ಹೆಚ್ಚಿನ ಸರಕಿಗೆ ನಿಗದಿ ಬೆಲೆಯೇ. ಹರಾಜು ಉಳಿದಿರುವುದು ಮುಖ್ಯವಾಗಿ ಇಂಥದ್ದು ಇನ್ನೊಂದಿಲ್ಲ, ಬೆಲೆ ಎಷ್ಟೆಂದು ಹೇಳಲಾಗದು ಎನ್ನುವ ವಸ್ತುಗಳಿಗೆ. ಉಟ್ಟು ಬಿಟ್ಟ ಬಟ್ಟೆ ಅಂಥದ್ದೇ.

ವಿದೇಶಕ್ಕೆ ಓದಲು ಹೋಗಿ ಅಲ್ಲಿ ಚಳಿಗಾಲದ ಕೋಟನ್ನು ಹರಾಜಿಗಿಡಲು ಯೋಚಿಸುವವರು ಮನೆಯಲ್ಲಿರುವಾಗಲೇ ಒಂದು ಅಭ್ಯಾಸ ಮಾಡಿ ನೋಡಬಹುದು. ನಿಮ್ಮ ಹಳೆಯ ಅಂಗಿಯೊಂದರ ವರ್ಣನೆಯನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಬರೆದ ಹಾಳೆಯನ್ನೂ ಅಂಗಿಯನ್ನೂ ಅಮ್ಮನ ಕೈಗೆ ಕೊಡಿ. ಅವರು ಕಾಲರು ತಿರುವಿ, ಕಂಕುಳು ಮೂಸಿ, ಬೆಳಕಿಗೆ ಹಿಡಿದು ಪಾತ್ರೆಯವಳ ಹಾಗೆ ನೋಡಲಿ. ಹಾಳೆಯಲ್ಲಿಲ್ಲದ ಎಷ್ಟು ಐಬು ಹುಡುಕಿದರೆಂದು ಎಣಿಸಿಕೊಳ್ಳಿ.