ಮಿದುಳಿಗೇರುವ ಚಳಿಜ್ವರ

ಗುಂಡ್ಲುಪೇಟೆಯಿಂದ ಹೊರಡುವ ಹೆದ್ದಾರಿಗಳಲ್ಲಿ ಒಂದು ನೀಲಗಿರಿಯನ್ನು ಸೇರುತ್ತದೆ, ಇನ್ನೊಂದು ವಯನಾಡನ್ನು. ಪೂರ್ವಕ್ಕೆ ತಿರುಗಿದರೆ ಚಾಮರಾಜನಗರ. ಅದರಾಚೆ ಬಿಳಿಗಿರಿರಂಗನ ಬೆಟ್ಟ. ಇಂಥ ಬೆಟ್ಟದ ತಪ್ಪಲುಗಳಲ್ಲಿ, ಅದರಲ್ಲಿಯೂ ವಯನಾಡಿನಲ್ಲಿ, ಒಂದು ಕಾಲಕ್ಕೆ ಚಳಿಜ್ವರವು ಮನೆಮಾಡಿಕೊಂಡಿತ್ತು. ತಿಳಿನೀರ ತೊರೆಗಳ ಅಂಚಿನಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆಯೇ ಅಲ್ಲಿ ಅದರ ವಾಹಕ. ಇಂದು ಕರ್ನಾಟಕದ ಮಲೇರಿಯಾ ಪ್ರಕರಣಗಳಲ್ಲಿ ಹೆಚ್ಚಿನವು ಕರಾವಳಿಯವು. ನಮ್ಮ ವಿದ್ಯಾರ್ಥಿಗಳಿಗೆ ಈ ರೋಗವು ಪಠ್ಯಪುಸ್ತಕದ ಒಂದು ಚಿತ್ರವಾಗಿ ಉಳಿದಿದೆ. ಇದು ಸಂತೋಷದ ಸಂಗತಿ. ಆದರೆ ರೋಗವು ಅಪರೂಪವಾದಷ್ಟೂ ಅದನ್ನು ಮರೆಯುವ ಅಪಾಯ ಹೆಚ್ಚುತ್ತದೆ ಎಂಬುದೇ ನಾವು ಇಲ್ಲಿ ಹೇಳಬಯಸುವ ಮಾತು.

ಮಲೇರಿಯಾ ಎಂದೊಡನೆ ಚಳಿ, ನಡುಕ, ಜ್ವರ, ಬೆವರು ಇವಿಷ್ಟೇ ನಮ್ಮ ನೆನಪಿಗೆ ಬರುತ್ತವೆ. ಈ ರೋಗದ ಕ್ರಿಮಿಗಳಲ್ಲಿ ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಮ್ ಎಂಬುದರ ನಡತೆ ಬೇರೆ. ಅದು ಹೊಕ್ಕ ಕೆಂಪು ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಕ್ರಿಮಿಯೇ ತಯಾರಿಸಿದ ಒಂದು ಪ್ರೋಟೀನು ಆ ಗಂಟುಗಳಲ್ಲಿದ್ದು, ರಕ್ತಕಣವನ್ನು ಲೋಮನಾಳದ ಗೋಡೆಗೆ ಅಂಟಿಸಿಬಿಡುತ್ತದೆ. ಗುಲ್ಮದ ಮೂಲಕ ಹಾದುಹೋದರೆ ಅಲ್ಲಿ ನಾಶವಾಗಬೇಕಾದೀತೆಂದು ಕ್ರಿಮಿಯು ಕಂಡುಕೊಂಡ ಅಡಗುದಾಣವಿದು. ಮಿದುಳಿನ ಸೂಕ್ಷ್ಮನಾಳಗಳಲ್ಲಿ ಹೀಗಾದಾಗ ರಕ್ತಸಂಚಾರಕ್ಕೆ ತಡೆಯುಂಟಾಗುತ್ತದೆ, ನಾಳದ ಗೋಡೆ ಸೋರತೊಡಗುತ್ತದೆ, ಮಿದುಳು ಊದಿಕೊಳ್ಳುತ್ತದೆ. ಆಫ್ರಿಕದ ಮಲಾವಿ ದೇಶದಲ್ಲಿ ಇಂಥ ಮಕ್ಕಳ ಮಿದುಳನ್ನು ಎಂ.ಆರ್.ಐ. ಯಂತ್ರದಿಂದ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಮೃತರಾದವರಲ್ಲಿ ಬಹುಮಂದಿಗೆ ಈ ಊತವು ತೀವ್ರವಾಗಿತ್ತು.

ಜ್ವರದಲ್ಲಿ ಕನವರಿಸುವುದು, ಕರೆದರೆ ಓಗೊಡದಿರುವುದು, ಸೆಳವು, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಚಿಕಿತ್ಸೆಯಿಲ್ಲದಿದ್ದರೆ ಸಾವು ಬಹುಮಟ್ಟಿಗೆ ಖಂಡಿತ. ಚಿಕಿತ್ಸೆ ದೊರೆತರೂ ಐದಾರು ಮಂದಿಯಲ್ಲಿ ಒಬ್ಬರು ಉಳಿಯುವುದಿಲ್ಲ. ಬದುಕಿದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂರ್ಛೆರೋಗ, ಮಾತಿನ ತೊಡಕು, ಕಲಿಕೆಯ ಕುಂಠಿತ ಮೊದಲಾದ ಊನಗಳು ಉಳಿಯುವುದನ್ನು ಆಫ್ರಿಕದ ಅಧ್ಯಯನಗಳು ತೋರಿಸಿವೆ. ಜ್ವರ ಇಳಿಯಿತೆಂದ ಮಾತ್ರಕ್ಕೆ ರೋಗದ ಲೆಕ್ಕ ಚುಕ್ತವಾಯಿತೆಂದು ತಿಳಿಯಲಾಗದು.

ಈ ರೋಗವು ನಮ್ಮ ಸೀಮೆಯ ಸುತ್ತ ಎಷ್ಟು ಕಾಲ ಬೇರೂರಿತ್ತೆಂಬುದಕ್ಕೆ ಜನರ ರಕ್ತವೇ ಸಾಕ್ಷಿ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡುಗೋಲಿನಾಕಾರದ ರಕ್ತಕಣಗಳು ಕಂಡುಬಂದವು. ನಮ್ಮ ಸೋಲಿಗರಲ್ಲಿಯೂ ಜೇನುಕುರುಬರಲ್ಲಿಯೂ ಇದೇ ಗುಣ ಇದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಜೀನು ಬಂದರೆ, ಅದು ಮಿದುಳಿನ ಮಲೇರಿಯಾದಂಥ ಉಗ್ರರೂಪಗಳಿಂದ ಮಗುವನ್ನು ಬಹುಮಟ್ಟಿಗೆ ಕಾಯುತ್ತದೆ. ಇಬ್ಬರಿಂದಲೂ ಬಂದರೆ ಅದೇ ಜೀವಮಾನದ ರೋಗ. ಅಲಿಸನ್ ಎಂಬ ವಿಜ್ಞಾನಿ 1954ರಲ್ಲಿ ಪೂರ್ವ ಆಫ್ರಿಕದಲ್ಲಿ ಈ ಸಂಬಂಧವನ್ನು ತೋರಿಸಿಕೊಟ್ಟನು. ಮಲೇರಿಯಾದ ಭಯ ತಗ್ಗಿದ ಮೇಲೂ ಅದಕ್ಕೆ ತೆತ್ತ ಸುಂಕವನ್ನು ಕಾಡಿನ ಮಕ್ಕಳು ಇನ್ನೂ ಹೊರುತ್ತಿದ್ದಾರೆ.

ರೋಗ ಇಷ್ಟು ಕಡಮೆಯಾಗಿರುವಾಗ ಜ್ವರ ಬಂದವರನ್ನೆಲ್ಲ ಪರೀಕ್ಷಿಸುವುದು ದಂಡವೆಂದು ಕೆಲವರು ಹೇಳಬಹುದು. ಅವರು ದೇಶದ ಅನುಭವವನ್ನು ನೆನೆಯಬೇಕು. 1947ರಲ್ಲಿ ವರ್ಷಕ್ಕೆ ಏಳೂವರೆ ಕೋಟಿ ರೋಗಿಗಳು, ಎಂಟು ಲಕ್ಷ ಸಾವುಗಳು ಎಂಬುದು ಅಂದಾಜು. 1953ರಲ್ಲಿ ಆರಂಭವಾದ ನಿಯಂತ್ರಣ ಕಾರ್ಯವೂ ಡಿ.ಡಿ.ಟಿ. ಸಿಂಪಡಣೆಯೂ ಇದನ್ನು 1960ರ ದಶಕದ ನಡುವೆ ಸುಮಾರು ಒಂದು ಲಕ್ಷಕ್ಕೆ ಇಳಿಸಿದವು. ಗೆದ್ದೆವೆಂಬ ಭಾವನೆಯಲ್ಲಿ ಎಚ್ಚರ ಸಡಿಲಿತು. ಸೊಳ್ಳೆಗಳು ವಿಷಕ್ಕೆ ಒಗ್ಗಿಕೊಂಡವು. 1976ರಲ್ಲಿ ಸಂಖ್ಯೆಯು 64 ಲಕ್ಷಕ್ಕೆ ಏರಿತು. 2030ರ ವೇಳೆಗೆ ಮಲೇರಿಯಾವನ್ನು ತೊಡೆದುಹಾಕುವ ಗುರಿಯನ್ನಿಟ್ಟುಕೊಂಡಿರುವ ದೇಶವು ಈ ತಪ್ಪನ್ನು ಮತ್ತೆ ಮಾಡಬಾರದು.

ಇನ್ನೊಂದು ವಿಷಯ. ಮತ್ತೆ ಮತ್ತೆ ಮಲೇರಿಯಾ ಕಂಡವರ ದೇಹದಲ್ಲಿ ಅಷ್ಟಿಷ್ಟು ಪ್ರತಿರೋಧ ಬೆಳೆದಿರುತ್ತದೆ. ರೋಗವಿಲ್ಲದ ಊರಿನಲ್ಲಿ ಬೆಳೆದವರಿಗೆ ಅದೂ ಇಲ್ಲ. ಚಾಮರಾಜನಗರದ ಯುವಕನೊಬ್ಬನು ಕೂಲಿಗಾಗಿ ಮಲೇರಿಯಾ ಇರುವ ಪ್ರಾಂತಕ್ಕೆ ಹೋಗಿ ಮರಳಿದನೆನ್ನೋಣ. ಹತ್ತು ದಿನದ ಮೇಲೆ ಜ್ವರ ಬಂದು ಸೆಳವು ಕಾಣಿಸಿದರೆ, ಮನೆಯವರು ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿಯಾರು. ಮೂರ್ಛೆರೋಗವೆಂದು ಕೈಗೆ ಕಬ್ಬಿಣ ಕೊಟ್ಟಾರು. ವೈದ್ಯರೂ ಬೇರೆ ಮಿದುಳು ಜ್ವರವೆಂದು ಭಾವಿಸುವುದು ಸಾಧ್ಯ. ಸೆಳವಿಗೆ ಕಾರಣಗಳು ಹಲವು; ಎಲ್ಲವೂ ಮಲೇರಿಯಾ ಅಲ್ಲ. ಆದುದರಿಂದಲೇ ರಕ್ತಪರೀಕ್ಷೆ ಮೊದಲು ನಡೆಯಬೇಕು. ಒಂದು ತೊಟ್ಟು ರಕ್ತ, ಕಾಲು ಗಂಟೆಯ ಸಮಯ ಇದಕ್ಕೆ ಸಾಕು. ತಡಮಾಡಿದ ಗಂಟೆಗಳಿಗೆ ಬೆಲೆ ತೆರಬೇಕಾದುದು ಮಿದುಳು.

ಮದ್ದು ಇಲ್ಲವೆಂದು ಕೈಚೆಲ್ಲುವ ಕಾಲವೂ ಇದಲ್ಲ. ಭಾರತವೂ ಸೇರಿದಂತೆ ಏಷ್ಯದ ನಾಲ್ಕು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಗ್ರ ಮಲೇರಿಯಾಕ್ಕೆ ಕ್ವಿನೀನು ಪಡೆದವರಲ್ಲಿ ನೂರಕ್ಕೆ 22 ಮಂದಿ ಸತ್ತರೆ, ಆರ್ಟೆಸುನೇಟ್ ಚುಚ್ಚುಮದ್ದು ಪಡೆದವರಲ್ಲಿ ಸತ್ತವರು 15 ಮಂದಿ. ಈ ಮದ್ದು ಹತ್ತಿರದಲ್ಲಿಯೇ ದೊರೆಯುವಂತಿರಬೇಕು; ಕಾಡಂಚಿನ ಹಾಡಿಯಿಂದ ಜಿಲ್ಲಾ ಆಸ್ಪತ್ರೆಯವರೆಗಿನ ದಾರಿ ರೋಗಿಗೆ ಬಲು ದೂರವೆಂಬುದನ್ನು ಅಧಿಕಾರಿಗಳು ಮರೆಯಬಾರದು.

ಓದುವ ತರುಣರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಬೀದಿಯಲ್ಲಿ ಜ್ವರದಿಂದ ಮಲಗಿದವರನ್ನು ನೋಡಹೋದಾಗ, “ಈಚೆಗೆ ಯಾವ ಊರಿಗೆ ಹೋಗಿದ್ದಿರಿ? ರಕ್ತ ಪರೀಕ್ಷೆ ಆಯಿತೆ?” ಎಂದು ಕೇಳಿರಿ. ಸಕಾಲದಲ್ಲಿ ಕೇಳಿದ ಈ ಎರಡು ಪ್ರಶ್ನೆಗಳು ಒಂದು ಜೀವವನ್ನೂ, ಆ ಜೀವದ ಬುದ್ಧಿಯನ್ನೂ ಉಳಿಸಬಲ್ಲವು.