ಗೇಟು ಮುರಿದರೆ ಮನುಷ್ಯನೂ ಮುರಿಯಬೇಕೆ?

ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್‌ಗೇಟುಗಳ ಪೈಕಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ಒಂದು ವಾರದಲ್ಲಿ ತಾತ್ಕಾಲಿಕ ತಡೆ ಅಳವಡಿಸಿದ ತಂತ್ರಜ್ಞರೂ ಕಾರ್ಮಿಕರೂ ಅಭಿನಂದನಾರ್ಹರು. ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 2025ರಲ್ಲಿ ಸುರಕ್ಷತೆಯ ದೃಷ್ಟಿಯಿಂದ ಜಲಾಶಯದ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಹೊಸ ಗೇಟುಗಳನ್ನು ಕೂರಿಸುವ ಕಾಮಗಾರಿಗಾಗಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಕಂಪ್ಲಿಯ ಭತ್ತದ ರೈತನಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಬೆಳೆಯ ನಷ್ಟವನ್ನು ಎಕರೆಗಳಲ್ಲಿ ಲೆಕ್ಕ ಹಾಕಬಹುದು. ಮನಸ್ಸಿನೊಳಗಿನ ನಷ್ಟಕ್ಕೆ ಲೆಕ್ಕವಿಲ್ಲ. "ನಾನು ಮುಟ್ಟಿದ್ದೆಲ್ಲ ಮಣ್ಣು", "ನನ್ನಿಂದ ಈ ಮನೆಗೆ ಏಳಿಗೆಯಿಲ್ಲ" ಎಂಬ ಮಾತನ್ನು ಮನುಷ್ಯ ಮೊದಲು ತನಗೇ ಹೇಳಿಕೊಳ್ಳುತ್ತಾನೆ; ಬಳಿಕ ಅದನ್ನೇ ನಂಬುತ್ತಾನೆ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಸಂಡೂರಿನ ಕೂಲಿಕಾರನಿಗೆ, 2020ರಲ್ಲಿ ಕೊರೋನಾದಿಂದ ಸ್ಮಾರಕಗಳು ಮುಚ್ಚಿದಾಗ ಹಂಪಿಯ ಗೈಡ್‌ಗೆ ಇದೇ ಸಂಕಟ ಎದುರಾಗಿತ್ತು. ಕಾರಣ ಅವರ ಕೈಮೀರಿದ್ದು. ಆದರೂ ಇಂಥ ಹೊತ್ತಿನಲ್ಲಿ ಮನಸ್ಸು ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ.

ಭಕ್ತರಾದ ನಮಗೆ ಇನ್ನೊಂದು ಅಪಾಯವಿದೆ. ಈ ಸ್ವನಿಂದೆಯನ್ನೇ ನಾವು ದೀನತೆಯೆಂದು ಭ್ರಮಿಸಿ, "ನನ್ನ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ" ಎಂದು ಪ್ರಾರ್ಥನೆಯೊಳಕ್ಕೂ ತರುತ್ತೇವೆ. ಪ್ರಭು ಯೇಸುವಿನ ಕಾಲದಲ್ಲಿ ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತರು. ಸತ್ತವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳೆಂಬ ಎಣಿಕೆಯನ್ನು ಪ್ರಭು ಸ್ಪಷ್ಟವಾಗಿ ನಿರಾಕರಿಸಿದರೆಂದು ಲೂಕನ ಶುಭಸಂದೇಶದ 13ನೆಯ ಅಧ್ಯಾಯ ತಿಳಿಸುತ್ತದೆ. ಅವರು ಎಲ್ಲರನ್ನೂ ಪಶ್ಚಾತ್ತಾಪಕ್ಕೆ ಕರೆದರು, ನಿಜ. ಆದರೆ ವಿಪತ್ತನ್ನು ಪಾಪದ ಅಳತೆಗೋಲಾಗಿ ಮಾಡಲಿಲ್ಲ.

ಪಶ್ಚಾತ್ತಾಪಕ್ಕೂ ಸ್ವನಿಂದೆಗೂ ಇರುವ ಅಂತರವನ್ನು ನಾವು ಅರಿಯಬೇಕು. "ನಾನು ಈ ತಪ್ಪು ಮಾಡಿದೆ" ಎಂಬುದು ಪಶ್ಚಾತ್ತಾಪ, ಅದಕ್ಕೆ ಕ್ಷಮೆಯುಂಟು. "ನಾನೇ ಒಂದು ತಪ್ಪು" ಎಂಬುದು ಸ್ವನಿಂದೆ. ಸೃಷ್ಟಿಕರ್ತನ ಕೈಕೆಲಸವನ್ನೇ ಅದು ಹಳಿಯುತ್ತದೆ. 42ನೆಯ ಕೀರ್ತನೆಯ ಭಕ್ತನು ತನ್ನ ಕುಗ್ಗಿದ ಆತ್ಮದ ಮಾತನ್ನು ಸುಮ್ಮನೆ ಕೇಳುತ್ತ ಕೂರುವುದಿಲ್ಲ. ಕುಗ್ಗಿದ್ದೇಕೆಂದು ಅದನ್ನೇ ಪ್ರಶ್ನಿಸಿ, ದೇವರತ್ತ ತಿರುಗಿಸುತ್ತಾನೆ. ನಾಲ್ಕನೆಯ ಶತಮಾನದ ಸನ್ಯಾಸಿ ಎವಾಗ್ರಿಯುಸ್ ಇದನ್ನೇ ಸಾಧನೆಯಾಗಿ ಕಲಿಸಿದರು: ಆತ್ಮದ ಒಂದು ಭಾಗ ಕುಸಿದಾಗ ಇನ್ನೊಂದು ಭಾಗ ಅದಕ್ಕೆ ಸಾಂತ್ವನ ಹೇಳಬೇಕು, ಕೆಡುಕಿನ ಆಲೋಚನೆಗೆ ದೇವರ ವಾಕ್ಯದಿಂದ ಎದುರುತ್ತರ ಕೊಡಬೇಕು.

ಆದ್ದರಿಂದ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಮೂರು ಕೆಲಸ ಮಾಡೋಣ. ಆ ದಿನದ ಒಂದು ಉಪಕಾರವನ್ನು ಹೆಸರಿಸಿ ಕೃತಜ್ಞತೆ ಸಲ್ಲಿಸೋಣ. ಮನಸ್ಸನ್ನು ಚುಚ್ಚಿದ ಮಾತನ್ನು ದೇವರ ಮುಂದೆ ಬಾಯಿಬಿಟ್ಟು ಹೇಳೋಣ. ಅದರಲ್ಲಿ ನಡೆದ ಸಂಗತಿ ಎಷ್ಟು, ನಾವೇ ಕೊಟ್ಟುಕೊಂಡ ತೀರ್ಪು ಎಷ್ಟು ಎಂದು ಬೇರ್ಪಡಿಸಿ, ತೀರ್ಪನ್ನು ಪ್ರಭುವಿಗೇ ಬಿಡೋಣ.

ಪ್ರಾರ್ಥನೆಯು ಪರಿಹಾರ ಕೇಳುವ ಹಕ್ಕನ್ನು ಮರೆಸಬಾರದು, ವೈದ್ಯರಿಂದ ದೂರವಿಡಲೂಬಾರದು. ನಿದ್ದೆಯೂ ಊಟವೂ ದೂರವಾಗಿ ಬದುಕೇ ಬೇಡವೆನಿಸಿದರೆ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿದೆ. ಮನೆಯವರು ಅಂಥವರನ್ನು ಒಂಟಿಯಾಗಿ ಬಿಡಬಾರದು. ಮುರಿದ ಗೇಟನ್ನು ಒಬ್ಬರೇ ಕೂರಿಸಲಿಲ್ಲ. ಕುಗ್ಗಿದ ಮನಸ್ಸಿಗೂ ಹಲವು ಕೈಗಳು ಬೇಕು.