ಮಗನನ್ನೇ ಅಪ್ಪಾ ಎನ್ನುವ ಊರಿಗೆ ಬ್ರೋ ಬಂದಾಗ

ಹಾವೇರಿಯ ಬಸ್ ನಿಲ್ದಾಣದಲ್ಲಿ, ರಾಣೇಬೆನ್ನೂರಿನ ಕಾಲೇಜು ಗೇಟುಗಳ ಮುಂದೆ ಹುಡುಗರ ಬಾಯಲ್ಲಿ ಈಗ ಬ್ರೋ, ಬಾಸ್ ಸಲೀಸು. ಗೆಳತಿಯರ ನಡುವೆ ಡಿಯರ್, ಬೇಬಿ. ಕನ್ನಡ ಕೆಟ್ಟಿತೆಂದು ಹಿರಿಯರು ಗೊಣಗುತ್ತಾರೆ. ಪದ ಹೊರಗಿನದೆಂಬುದೇ ತಪ್ಪಾದರೆ ನಾವು ದಿನಾ ಆಡುವ ದೋಸ್ತ, ಸಾವ್ಕಾರ ಕೂಡ ಹೊರಗಿನಿಂದಲೇ ಬಂದವು. ನನ್ನ ತಕರಾರು ಪದದ ಮೇಲಲ್ಲ. ಮುದ್ದು ಮಾಡುವುದಕ್ಕೆ ನಮ್ಮ ಸೀಮೆಯಲ್ಲಿದ್ದ ಒಂದು ವಿಚಿತ್ರ ಕ್ರಮ ಸದ್ದಿಲ್ಲದೆ ಸವೆಯುತ್ತಿದೆ, ಅದರ ಮೇಲೆ.

ಮೂರು ವರ್ಷದ ಮಗ ಅಂಗಳದಲ್ಲಿ ಓಡುತ್ತಾನೆ; ತಾಟು ಹಿಡಿದ ತಾಯಿ ಹಿಂದೆ ಹಿಂದೆ, ‘ಒಂದ ತುತ್ತು ಉಣ್ಣೋ ನಮ್ಮಪ್ಪಾ’. ಮಗಳು ಅತ್ತರೆ ‘ಸುಮ್ಕಿರs ನಮ್ಮವ್ವಾ’. ಹೆತ್ತವಳೇ ಮಗುವನ್ನು ತನ್ನ ಹೆತ್ತವರ ಜಾಗದಲ್ಲಿ ಕೂರಿಸುತ್ತಾಳೆ. ಇಂಗ್ಲಿಷಿನ ದಾರಿ ತಿರುವುಮುರುವು: ಬೇಬಿ, ಬೇಬ್, ಕಿಡ್ಡೋ ಎಂದು ಬೆಳೆದವರನ್ನೂ ಕೂಸಾಗಿಸಿ ಅದು ಮುದ್ದಿಸುತ್ತದೆ. ನಮ್ಮ ಕ್ರಮಕ್ಕೆ ಮನೆತನದ ಹಿನ್ನೆಲೆಯೂ ಇದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹಾಗಾಗಿ ಮಗನನ್ನು ಕರೆಯಲು ಅವಳಿಗೆ ಉಳಿದದ್ದು ಅಪ್ಪಾ, ಅಜ್ಜಾ. ಕಟ್ಟುಪಾಡಿನ ಇಕ್ಕಟ್ಟಿನಲ್ಲೂ ಅಕ್ಕರೆ ಹೀಗೆ ಜಾಗ ಮಾಡಿಕೊಂಡಿತು. ಅದು ಮನೆಯೊಳಗೇ ನಿಲ್ಲಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುವ ಮುದುಕಿ, ಗುರುತಿಲ್ಲದ ಹುಡುಗನಿಗೂ ‘ಹಾದಿ ಬಿಡೋ ಯಪ್ಪಾ’ ಎಂದಾಳು.

ಈ ನೆಂಟಸ್ತಿಕೆಯೆಲ್ಲ ಮೇಲುಕೀಳನ್ನು ಮುಚ್ಚುವ ಬಣ್ಣ, ಬ್ರೋ ಎನ್ನುವುದಕ್ಕೆ ಜಾತಿಯೂ ಇಲ್ಲ ವಯಸ್ಸೂ ಇಲ್ಲ ಎಂಬ ವಾದವುಂಟು. ತಳ್ಳಿಹಾಕುವ ಮಾತಲ್ಲ. ಚೀಲ ಹೊರುವ ಹಮಾಲ ‘ಸಾವ್ಕಾರ್ರ’ ಎಂದರೆ ಮರಳಿ ‘ಲೇ’ ಕೇಳಿಸಿಕೊಂಡದ್ದು ನಮ್ಮ ಭಾಷೆಯಲ್ಲೇ. ಆದರೆ ಬ್ರೋ ಎಂಬ ಸಮಾನತೆ ಎಷ್ಟು ದೂರ ನಡೆಯುತ್ತದೆ? ಬೈಕಿನ ಗೆಳೆಯನನ್ನು ಬ್ರೋ ಎನ್ನುವ ಹುಡುಗ ಆ ಹಮಾಲನನ್ನು ಹಾಗೆ ಕರೆಯುವುದು ಅಪರೂಪ. ಸಮಾನತೆಗೆ ಬೇರೆ ದಾರಿ ಹಿಡಿದ 12ನೇ ಶತಮಾನದ ಶರಣರು ನೆಂಟಸ್ತಿಕೆಯ ಪದಗಳನ್ನು ಬಿಸಾಡಲಿಲ್ಲ, ಅವುಗಳ ಬೇಲಿ ಕಿತ್ತರು. ಬಸವ ಎಲ್ಲರಿಗೂ ಅಣ್ಣ, ಮಹಾದೇವಿ ಎಲ್ಲರಿಗೂ ಅಕ್ಕ. ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರ ತನ್ನವನೆನ್ನುವ ಅಂಬಿಗರ ಚೌಡಯ್ಯನನ್ನು ನೋಡಿ: ತುಂಗಭದ್ರೆಯ ದೋಣಿಯವನ ಹೆಸರಿಗೂ ‘ಅಯ್ಯ’ ಹತ್ತಿತು.

ಇನ್ನು ಬ್ರೋ ನಮ್ಮಲ್ಲಿಗೆ ಬಂದು ಮೊದಲಿನಂತೆ ಉಳಿದಿದೆಯೇ, ಕಿವಿಗೊಟ್ಟು ಕೇಳಬೇಕು. ಸರೀಕನಾದರೆ ‘ಹೇಳೋ ಬ್ರೋ’. ನಾಲ್ಕು ವರ್ಷ ದೊಡ್ಡವನಾದರೆ ‘ಹೇಳ್ರೀ ಬ್ರೋ’. ವಯಸ್ಸೇ ಇಲ್ಲವೆಂದು ಹೊಗಳಿಸಿಕೊಂಡು ಬಂದ ಪದಕ್ಕೆ ಹಾವೇರಿಯ ಹುಡುಗರು ‘ರೀ’ ಹಚ್ಚಿಬಿಟ್ಟಿದ್ದಾರೆ.